ಹದಿನೆಂಟನೆಯ ನಿಮಿಷದ ಉತ್ತರ

ಕಾರ್ಡಿನಲ್ಲಿ ನಾಲ್ಕೇ ಸಾಲು ಇದ್ದವು. ಬರೆದವರು, ಕಾರ್ಗಲ್ಲಿನಲ್ಲಿ ನನ್ನ ಜೊತೆಗಿದ್ದ ಮುಳುಗುಗಾರರ ಭಾವಮೈದುನ. ನಾನು ಅದನ್ನು ಮೊದಲಿನಿಂದ ಓದಲಿಲ್ಲ. ನೀರು, ಹೊಳೆ, ಸಮುದ್ರ, ಇವುಗಳಲ್ಲಿ ಯಾವುದಾದರೂ ಶಬ್ದ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಎಂಟು ದಿನ ಜ್ವರ, ಮನೆಯಲ್ಲೇ, ಬೆಳಗಿನ ಹೊತ್ತು ಎಂದಿತ್ತು. ಮಂಚದ ಮೇಲೆ ಹೋದರು ಎಂದು ತಿಳಿದಾಗ ನನಗೆ ಮೊದಲು ಬಂದದ್ದು ಸಮಾಧಾನ. ದುಃಖ ಬಂದದ್ದು ಆಮೇಲೆ. ಇದನ್ನು ಬಚ್ಚಿಟ್ಟು ಅವರ ಬಗ್ಗೆ ಬರೆಯುವುದು ಸರಿಯಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ.

ಅಣೆಕಟ್ಟೆ ಮುಗಿದು ನೀರು ನಿಂತ ಹೊಸತರಲ್ಲಿ ನಾನು ಕಾರ್ಗಲ್ಲಿನ ಡ್ರಾಯಿಂಗ್ ಆಫೀಸಿನಲ್ಲಿ ಟ್ರೇಸರ್ ಆಗಿದ್ದೆ. ಎಂಜಿನಿಯರುಗಳು ಬರೆದ ನಕ್ಷೆಯ ಮೇಲೆ ತೆಳು ಬಟ್ಟೆ ಹಾಸಿ, ಶಾಯಿಯಲ್ಲಿ ಗೆರೆಯ ಮೇಲೆ ಗೆರೆ ಎಳೆಯುವುದು ನನ್ನ ಕೆಲಸ. ಅವರು ಮುಳುಗುಗಾರರು. ಅಣೆಕಟ್ಟೆಯ ಬಾಗಿಲುಗಳ ಬುಡದಲ್ಲಿ ಕಸ ಸಿಕ್ಕಿದೆಯೇ, ರಬ್ಬರು ಸರಿಯಾಗಿ ಕೂತಿದೆಯೇ ಎಂದು ನೀರೊಳಗೆ ಹೋಗಿ ನೋಡಿ ಬರುವುದು ಅವರ ಕೆಲಸ. ಕರಾವಳಿಯ ಕಡೆಯವರು. ಅದಕ್ಕೂ ಮೊದಲು ಯಾವುದೋ ಬಂದರಿನಲ್ಲಿ ಹಡಗುಗಳ ತಳ ನೋಡುತ್ತಿದ್ದರಂತೆ. ಗಿಡ್ಡ ಆಳು, ಅಗಲ ಎದೆ. ನಡೆಯುವಾಗ ಪಾದ ಎತ್ತದೆ ನೆಲಕ್ಕೆ ಉಜ್ಜಿಕೊಂಡು ನಡೆಯುತ್ತಿದ್ದರು. ನೀರಿನ ತಳದಲ್ಲಿ ಮಣ್ಣೇಳದಂತೆ ನಡೆದು ನಡೆದು ಬಂದ ಅಭ್ಯಾಸ ಅದು. ಕಾಲೊನಿಯ ಹೆಂಗಸರು ಇದನ್ನರಿಯದೆ, ಅವರಿಗೆ ಸಂಧಿವಾತ ಇದೆಯೆಂದು ಎಣ್ಣೆ ಹೇಳಿಕೊಡುತ್ತಿದ್ದರು. ಅವರು ಬೇಡವೆನ್ನದೆ ಪ್ರತಿಯೊಂದು ಎಣ್ಣೆಯ ಹೆಸರನ್ನೂ ಗಂಭೀರವಾಗಿ ಕೇಳಿಕೊಳ್ಳುತ್ತಿದ್ದರು.

ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಸಿಲಿಂಡರು ಆಫೀಸಿನದು. ಅಭ್ಯಾಸ ತಪ್ಪಬಾರದೆಂದು ಭಾನುವಾರಗಳಲ್ಲಿ ಅದನ್ನು ಬಳಸಲು ಅವರಿಗೆ ಅನುಮತಿ ಇತ್ತು. ಅಭ್ಯಾಸ ನೆಪ. ಅವರಿಗೆ ಬೇಕಾಗಿದ್ದದ್ದು ಫೋಟೋ. ನೀರೊಳಗಿನ ಫೋಟೋ.

ಹಿತ್ತಾಳೆ ತಗಡನ್ನು ಬೆಸುಗೆ ಹಾಕಿ ಅವರೇ ಒಂದು ಪೆಟ್ಟಿಗೆ ಮಾಡಿದ್ದರು. ಮುಂದೆ ದಪ್ಪ ಗಾಜು, ಮುಚ್ಚಳದ ಸುತ್ತ ಸೈಕಲ್ ಟ್ಯೂಬು ಕತ್ತರಿಸಿ ಮಾಡಿದ ಪಟ್ಟಿ. ಒಳಗಿನ ಕ್ಯಾಮೆರಾವನ್ನು ಹೊರಗಿನಿಂದ ಒತ್ತಲು ಒಂದು ಸರಳು, ಫಿಲ್ಮು ಸುತ್ತಲು ಇನ್ನೊಂದು. ಸರಳು ತೂರುವ ತೂತುಗಳಿಗೆ ಗ್ರೀಸು ಹಚ್ಚಿದ ಹತ್ತಿ ನೂಲು. ಪ್ರತಿ ಭಾನುವಾರವೂ ಮೊದಲು ಪೆಟ್ಟಿಗೆಯೊಳಗೆ ಪತ್ರಿಕೆಯ ಒಂದು ಚೂರು ಹಾಕಿ, ದಾರ ಕಟ್ಟಿ, ನೀರಿಗೆ ಬಿಡುತ್ತಿದ್ದರು. ಹತ್ತು ನಿಮಿಷ ಬಿಟ್ಟು ಎತ್ತಿ, ಚೂರನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದರು. ಬೆರಳನ್ನು ನಂಬುತ್ತಿರಲಿಲ್ಲ. ಚೂರು ಒಣಗಿದೆ ಎಂದು ಕೆನ್ನೆ ಹೇಳಿದರೆ ಮಾತ್ರ ಕ್ಯಾಮೆರಾ ಒಳಗೆ ಹೋಗುತ್ತಿತ್ತು.

"ನೀರು ಎಲ್ಲವನ್ನೂ ಹತ್ರ ತೋರಿಸ್ತದೆ" ಎನ್ನುತ್ತಿದ್ದರು. "ಮೂರಡಿ ಅಂತ ಕಂಡ್ರೆ ನಾಲ್ಕಡಿ ಇರ್ತದೆ. ಕಣ್ಣು ನಂಬಿ ಕೈ ಚಾಚಿದ್ರೆ ಸಿಕ್ಕೂದಿಲ್ಲ."

ಇಳಿಯುವಾಗ ಸೊಂಟಕ್ಕೆ ಕಟ್ಟಿಕೊಳ್ಳುವ ಹಗ್ಗವನ್ನು ಮೇಲೆ ದೋಣಿಯಲ್ಲಿ ಹಿಡಿಯುವವನೊಬ್ಬ ಅವರಿಗೆ ಬೇಕಿತ್ತು. ನನ್ನನ್ನು ಆರಿಸಿದರು. ನನಗೆ ಈಜು ಬರುವುದಿಲ್ಲ ಎಂದು ತೊದಲುತ್ತಾ ಹೇಳಿದೆ. ತೀರ್ಥಹಳ್ಳಿಯಲ್ಲಿ ತುಂಗೆಯ ದಂಡೆಯಲ್ಲೇ ಬೆಳೆದರೂ ಮೊಣಕಾಲಿಗಿಂತ ಮೇಲಿನ ನೀರಿಗೆ ನಾನು ಇಳಿದವನಲ್ಲ.

"ಅದಕ್ಕೇ ನಿನ್ನ ಕರೆದದ್ದು ಮಾರಾಯ. ಈಜು ಬರುವವ ಧೈರ್ಯ ಮಾಡ್ತಾನೆ. ಬಾರದವ ಹಗ್ಗ ಬಿಡೂದಿಲ್ಲ."

ದೋಣಿ ಕನ್ನಪ್ಪನದು. ಆತನ ಊರು, ಗೇಣಿಗೆ ಮಾಡುತ್ತಿದ್ದ ಗದ್ದೆ, ಎಲ್ಲ ಆ ನೀರಿನ ಕೆಳಗೇ ಇದ್ದವು. ಈಗ ಅದೇ ನೀರಿನ ಮೇಲೆ ಮೀನು ಹಿಡಿಯುತ್ತಿದ್ದ. ಎರಡು ಗುಡ್ಡಗಳ ನೆತ್ತಿಯನ್ನು ಒಂದರ ಹಿಂದೆ ಒಂದು ಬರುವಂತೆ ಜೋಡಿಸಿ, ಹುಟ್ಟು ನಿಲ್ಲಿಸಿ, "ಇಲ್ಲಿ ಶಾಲೆ" ಎನ್ನುತ್ತಿದ್ದ. "ಇಲ್ಲಿ ನಮ್ಮ ಕಣ. ಈಗ ಅಯ್ಯಾರು ನಮ್ಮ ಬೇಲಿ ದಣಪೆ ದಾಟ್ತಾ ಅದಾರೆ ಕಾಣ್ರಿ, ಕಾಲು ತೊಳಕೊಂಡು ಹೋಗ್ಲಿ."

ಹಗ್ಗದ ಭಾಷೆ ಸರಳ. ಮೂರು ನಿಮಿಷಕ್ಕೊಮ್ಮೆ ನಾನು ಒಂದು ಸಲ ಎಳೆಯಬೇಕು. ಹೇಗಿದ್ದೀರಿ ಎಂದು ಅರ್ಥ. ಕೆಳಗಿನಿಂದ ಒಂದು ಸಲ ಎಳೆದರೆ, ಚೆನ್ನಾಗಿದ್ದೇನೆ. ನಾನು ಮೂರು ಎಳೆದರೆ, ಹೊತ್ತಾಯಿತು, ಬನ್ನಿ. ಅವರು ನಾಲ್ಕು ಎಳೆದರೆ ಅಪಾಯ. ಇಳಿಯುವ ಮೊದಲು ಗಡಿಯಾರ ಬಿಚ್ಚಿ ನನ್ನ ಕೈಗೆ ಕಟ್ಟುತ್ತಿದ್ದರು. ನೀರು ತಡೆಯುವ ಗಡಿಯಾರ ಅವರ ಹತ್ತಿರ ಇರಲಿಲ್ಲ. ಹಾಗಾಗಿ ನೀರಿನ ಕೆಳಗೆ ಹೊತ್ತೆಷ್ಟಾಯಿತು ಎಂಬುದನ್ನು ಅವರಿಗೆ ಹೇಳುವವನು ನಾನೊಬ್ಬನೇ. ರಟ್ಟಿನ ಹೊದಿಕೆಯ ಒಂದು ನೋಟುಬುಕ್ಕನ್ನೂ ಕೊಟ್ಟಿದ್ದರು. ಪ್ರತಿ ಸಲವೂ ನಿಮಿಷ ಬರೆದು, ಎದುರಿಗೆ 'ಕೇಳಿದೆ, ಉತ್ತರ ಬಂತು' ಎಂದು ಪೆನ್ಸಿಲ್ಲಿನಲ್ಲಿ ಬರೆಯಬೇಕು. ಹಗ್ಗ ಹಿಡಿದವನು ಮಾತಾಡಬಾರದು. ಮಾತಾಡಿದರೆ ಕೈ ಕಿವುಡಾಗುತ್ತದೆ ಎನ್ನುತ್ತಿದ್ದರು.

ಮೇಲೇಳುವ ಗುಳ್ಳೆ ನೋಡಿದರೆ ಸಾಲದೇ ಎಂದು ನಾನೂ ಕೇಳಿದ್ದೆ. ಬೇರೆ ನೀರಿನಲ್ಲಾದರೆ ಸಾಕಿತ್ತು. ನಮ್ಮದು ಕಾಡು ಮುಳುಗಿದ ಹೊಸ ನೀರು. ಮರಗಳು ನಿಂತಲ್ಲೇ ಮುಳುಗಿದ್ದವು. ತಳದ ದರಗೆಲೆ ಕೊಳೆತು ಎಲ್ಲೆಂದರಲ್ಲಿ ಗುಳ್ಳೆ ಏಳುತ್ತಿತ್ತು. ಇಡೀ ನೀರೇ ಉಸಿರಾಡುತ್ತಿರುವಾಗ ಅದರಲ್ಲಿ ಒಬ್ಬ ಮನುಷ್ಯನ ಉಸಿರು ಯಾವುದೆಂದು ಹೇಳುವುದು ಹೇಗೆ? ಮೊದಲ ಭಾನುವಾರ ನಾನು ಅರ್ಧ ಗಂಟೆ ಒಂದು ಕಡೆಯ ಗುಳ್ಳೆಗಳನ್ನೇ ನೋಡುತ್ತಾ ಧೈರ್ಯ ತಂದುಕೊಂಡಿದ್ದೆ. ಅವರು ಎದ್ದದ್ದು ದೋಣಿಯ ಇನ್ನೊಂದು ಬದಿಯಲ್ಲಿ.

ಅವರ ಮನಸ್ಸಿನಲ್ಲಿದ್ದದ್ದು ಒಂದು ಮೈಲಿಗಲ್ಲು. ಕನ್ನಪ್ಪನ ಊರಿನಿಂದ ಹೊಸನಗರದ ಕಡೆಗೆ ಹೋಗುತ್ತಿದ್ದ ಹಳೆಯ ರಸ್ತೆಯ ಪಕ್ಕ ಅದು ಹಾಗೇ ನಿಂತಿದೆಯೆಂದು ಒಂದು ಸಲ ಕಂಡು ಬಂದಿದ್ದರು. ಊರುಗಳೆಲ್ಲ ಎದ್ದುಹೋದ ಮೇಲೂ ಊರು ಎಷ್ಟು ದೂರ ಎಂದು ಹೇಳುತ್ತಾ ಒಂದು ಕಲ್ಲು ನಿಂತಿರುವುದು ಅವರಿಗೆ ಹಿಡಿಸಿತ್ತು. "ಕೆಲಸ ಬಿಟ್ಟಿಲ್ಲ ನೋಡು ಅದು" ಎನ್ನುತ್ತಿದ್ದರು. ಆದರೆ ಅದರ ಫೋಟೋ ತೆಗೆಯುವುದು ಸುಲಭವಿರಲಿಲ್ಲ. ಮಧ್ಯಾಹ್ನದ ನೆತ್ತಿಯ ಬಿಸಿಲು ಬೇಕು. ಕಲ್ಲಿನ ಮೇಲಿನ ಕೆಸರನ್ನು ಕೈಯಿಂದ ಒರೆಸಬೇಕು. ಒರೆಸಿದರೆ ನೀರು ಕಲಕುತ್ತದೆ. ಆಮೇಲೆ ಮಣ್ಣು ಕೂರುವವರೆಗೆ ಅಲ್ಲಾಡದೆ ಕೂರಬೇಕು. ಎಂಟು ನಿಮಿಷ, ಹತ್ತು ನಿಮಿಷ. ಮೂವತ್ತಡಿ ಕೆಳಗೆ ಮನುಷ್ಯ ಅಲ್ಲಾಡದೆ ಕೂತಿದ್ದರೆ ಮೇಲೆ ಹಗ್ಗ ಹಿಡಿದವನ ಕೈಗೆ ಏನೂ ಗೊತ್ತಾಗುವುದಿಲ್ಲ. ಬದುಕಿರುವವನ ಸುಮ್ಮನಿರುವಿಕೆಗೂ ಇನ್ನೊಂದಕ್ಕೂ ಹಗ್ಗದಲ್ಲಿ ವ್ಯತ್ಯಾಸವಿಲ್ಲ.

ಜನವರಿಯ ಒಂದು ಭಾನುವಾರ ನಾನು ಇದನ್ನು ತಡೆಯಲಾರದೆ ಹೋದೆ. ಕೇಳಿದೆ, ಉತ್ತರ ಬರಲು ತುಸು ತಡವಾಯಿತು. ಬರುತ್ತಿದ್ದಂತೆಯೇ ನಾನು ಮೂರು ಸಲ ಎಳೆದುಬಿಟ್ಟೆ. ಅವರು ಎದ್ದು ಬಂದು ದೋಣಿಯ ಅಂಚು ಹಿಡಿದು, ಬಾಯಿಂದ ರಬ್ಬರು ತೆಗೆದು, ನನ್ನ ಕೈಯಲ್ಲಿದ್ದ ಗಡಿಯಾರ ನೋಡಿದರು. ಹದಿಮೂರು ನಿಮಿಷವಾಗಿತ್ತು.

"ಮಣ್ಣು ಕೂತಿತ್ತು. ಈಗಷ್ಟೇ ಅಕ್ಷರ ಕಾಣ್ತಿತ್ತು" ಎಂದರು. ಬೈಯಲಿಲ್ಲ. ತಿರುಗಿ ಇಳಿದರೆ ಬಿಸಿಲು ವಾಲುತ್ತದೆಂದು ಪೆಟ್ಟಿಗೆ ಮೇಲೆ ಕೊಟ್ಟು ಹತ್ತಿ ಕೂತರು. ಕನ್ನಪ್ಪ ಮಾತ್ರ ಬಿಡಲಿಲ್ಲ.

"ಅಯ್ಯಾರ ಹಗ್ಗ ಹಿಡಿಯೂಕೆ ನಿಮ್ಮನ್ನ ಕರ್ಕೊಂಡ್ ಬಂದ್ರಾ, ನಿಮ್ಮನ್ನ ಹಿಡಿಯೂಕೆ ಇನ್ನೊಬ್ರು ಬೇಕಾತಲ್ರಾ" ಎಂದ. ಮಂಗಳವಾರದ ಹೊತ್ತಿಗೆ ಆ ಮಾತು ಡ್ರಾಯಿಂಗ್ ಆಫೀಸು ತಲುಪಿತ್ತು. ನಾನು ಮೇಜಿನ ಮೇಲೆ ಬಗ್ಗಿದಾಗಲೆಲ್ಲ ಯಾರಾದರೂ ಹಿಂದಿನಿಂದ ಅಂಗಿಯನ್ನು ಮೂರು ಸಲ ಎಳೆದು ಹೋಗುತ್ತಿದ್ದರು.

ಇದನ್ನು ಹೇಳಿದ್ದು ನೆಪಕ್ಕಲ್ಲ. ಫೆಬ್ರವರಿಯ ಕೊನೆಯ ಭಾನುವಾರ ದೋಣಿ ಹತ್ತುವಾಗ ನನ್ನೊಳಗೆ ಏನಿತ್ತು ಎಂದು ತಿಳಿಯಬೇಕಾದರೆ ಇದು ಬೇಕು. ಇವತ್ತು ಏನೇ ಆದರೂ ಸುಮ್ಮನೆ ಅವರನ್ನು ಮೇಲೆಳೆಯುವುದಿಲ್ಲ ಎಂದು ನಾನು ನಿಶ್ಚಯಿಸಿಕೊಂಡಿದ್ದೆ.

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಅವರು ಇಳಿದರು. ಸಣ್ಣ ಗಾಳಿ ಇತ್ತು. ಮೂರನೆಯ ನಿಮಿಷ, ಆರು, ಒಂಬತ್ತು, ಹನ್ನೆರಡು: ಕೇಳಿದೆ, ಉತ್ತರ ಬಂತು. ಅವರ ಎಳೆತ ನನ್ನ ಕೈಗೆ ಪರಿಚಯವಾಗಿತ್ತು. ಚಿಕ್ಕದು, ಕಡಿದಂತೆ ಇರುತ್ತಿತ್ತು. ಬಾಗಿಲು ಬಡಿದ ಹಾಗೆ. ಹದಿನೈದರಲ್ಲೂ ಹಾಗೇ ಬಂತು.

ಹದಿನೆಂಟರಲ್ಲಿ ಎಳೆದೆ. ಉತ್ತರ ಕೂಡಲೇ ಬಂತು. ಆದರೆ ಮೆತ್ತಗಿತ್ತು. ಬಡಿದಂತೆ ಇರಲಿಲ್ಲ, ಯಾರೋ ಉಯ್ಯಾಲೆಯನ್ನು ನಿಧಾನ ಹಿಂದಕ್ಕೆ ಬಿಟ್ಟಂತೆ ಇತ್ತು. ಮಣ್ಣು ಏಳಬಾರದೆಂದು ಮೆತ್ತಗೆ ಎಳೆದಿರಬೇಕು ಎಂದುಕೊಂಡೆ. ಬರೆದೆ: ಉತ್ತರ ಬಂತು. ಇಪ್ಪತ್ತೊಂದರಲ್ಲಿ ಮತ್ತೆ ಅದೇ ಎಳೆತ, ಅಷ್ಟೇ ಬಲ, ಅಷ್ಟೇ ಬೇಗ. ಬರೆದೆ. ಇಪ್ಪತ್ತನಾಲ್ಕರಲ್ಲಿ ಬರಲು ಹೇಳಿ ಮೂರು ಎಳೆದೆ. ಮೂರಕ್ಕೂ ಮೂರು ಬಂತು. ಒಪ್ಪಿದ್ದಾರೆ, ಬರುತ್ತಾರೆ ಎಂದು ಕಾದೆ. ಹಗ್ಗ ಸಡಿಲವಾಗಲಿಲ್ಲ. ಇಪ್ಪತ್ತಾರು. ಮತ್ತೆ ಮೂರು ಎಳೆದೆ. ಮತ್ತೆ ಮೂರು ಬಂತು.

ಕನ್ನಪ್ಪ ಹುಟ್ಟು ಬಿಟ್ಟು ಹತ್ತಿರ ಬಂದು, ಕೇಳದೆಯೇ ಹಗ್ಗದ ಮೇಲೆ ಎರಡು ಬೆರಳಿಟ್ಟ. ಬದುಕಿಡೀ ಗಾಳದ ದಾರ ಹಿಡಿದ ಬೆರಳು. "ಇನ್ನೊಂದ್ಸಲ ಎಳೀರಿ" ಎಂದ. ಎಳೆದೆ. ಅವನ ಮುಖ ಬದಲಾಯಿತು.

"ಇದು ಅಯ್ಯಾರಲ್ಲ" ಎಂದ. "ಇದು ಮರ. ಟೊಂಗೆ ಬಗ್ಗಿ ವಾಪಸ್ ಹೋಗ್ತಾ ಐತೆ."

ಅವರು ಹೋಗುವಾಗ ಹಗ್ಗ ಮುಳುಗಿದ ಮರವೊಂದರ ಟೊಂಗೆಯನ್ನು ಬಳಸಿಕೊಂಡಿತ್ತು. ಇತ್ತ ನಾನು ಎಳೆದಾಗ ಟೊಂಗೆ ಬಾಗಿ ಚಿಮ್ಮಿ ನನಗೆ ಉತ್ತರ ಕೊಡುತ್ತಿತ್ತು. ಅತ್ತ ಅವರು ಎಳೆದದ್ದು ಆ ಟೊಂಗೆಯ ತಿರುವಿನಲ್ಲೇ ನಿಂತುಹೋಗುತ್ತಿತ್ತು. ಎಷ್ಟು ಹೊತ್ತಿನಿಂದ? ನಾನು ಎದ್ದು ಎರಡೂ ಕೈಯಿಂದ ಹಗ್ಗ ಜಗ್ಗಲು ಹೋದೆ. ಕನ್ನಪ್ಪ ನನ್ನ ಮಣಿಕಟ್ಟು ಹಿಡಿದು ಕೂರಿಸಿದ.

"ಜಗ್ಗಬ್ಯಾಡ್ರಿ. ಮರಕ್ಕೇ ಒಯ್ದು ಬಿಗಿದಂಗಾತದೆ. ದೋಣಿ ಆಚೆ ಬದಿಗೆ ಒಯ್ತೀನಿ, ಹಗ್ಗ ತಾನೇ ಬಿಚ್ತದೆ. ನೀವು ಸುಮ್ನೆ ಹಿಡ್ಕಳಿ."

ಅವನು ಹುಟ್ಟು ಹಾಕಿದ. ನಾನು ಹಿಡಿದು ಕೂತೆ. ಸುತ್ತ ನೀರಿನ ತುಂಬ ಗುಳ್ಳೆಗಳು ಏಳುತ್ತಿದ್ದವು, ಒಡೆಯುತ್ತಿದ್ದವು. ಇಪ್ಪತ್ತೊಂಬತ್ತು. ಮೂವತ್ತು. ಸಿಲಿಂಡರಿನ ಗಾಳಿ ಅಷ್ಟು ಆಳದಲ್ಲಿ ಎಷ್ಟು ಹೊತ್ತು ಬರುತ್ತದೆಂದು ನನಗೆ ಗೊತ್ತಿತ್ತು. ಆ ಲೆಕ್ಕವನ್ನು ಅವರೇ ಕಲಿಸಿದ್ದರು. ಹಗ್ಗ ಒಮ್ಮೆಲೇ ಸಡಿಲವಾಗಿ, ಹಗುರಾಗಿ, ನನ್ನ ಕೈಗೆ ಬರತೊಡಗಿತು. ಅದರ ತುದಿಯಲ್ಲಿ ಯಾರೂ ಇರಲಿಲ್ಲ.

ಮೂವತ್ತೊಂದನೆಯ ನಿಮಿಷದಲ್ಲಿ, ದೋಣಿಯಿಂದ ನಲವತ್ತಡಿ ಆಚೆ ಅವರ ತಲೆ ಕಂಡಿತು. ಮೊದಲು ಪೆಟ್ಟಿಗೆ, ಆಮೇಲೆ ತಲೆ. ತುಟಿ ನೀಲಿಯಾಗಿತ್ತು. ಕನ್ನಪ್ಪ ಕಂಕುಳಿಗೆ ಕೈ ಹಾಕಿ ಎತ್ತಿ ಹಾಕಿಕೊಂಡ. ಎಡಗಾಲಿನ ಮೀನಖಂಡ ಸೀಳಿತ್ತು. ಯಾರದೋ ಹಳೆಯ ಗದ್ದೆಯ ಮುಳ್ಳುತಂತಿ ಬೇಲಿಗೆ ಕಾಲು ಸಿಕ್ಕಿಬಿದ್ದಿತ್ತು. ನಾಲ್ಕು, ಮತ್ತೆ ನಾಲ್ಕು ಎಂದು ಎಳೆದಿದ್ದರು. ಮೇಲಿನಿಂದ ಯಾರೂ ಬರಲಿಲ್ಲ. ಕಡೆಗೆ ತಂತಿಯನ್ನು ಕೈಯಿಂದಲೇ ಬಗ್ಗಿಸಿ, ಸೊಂಟದ ಹಗ್ಗ ಬಿಚ್ಚಿ, ಮೀಸಲು ಗಾಳಿಯಲ್ಲಿ ಮೇಲೆ ಬಂದಿದ್ದರು.

ಉಸಿರು ಸುಧಾರಿಸಿದ ಮೇಲೆ ಅವರು ಕೇಳಿದ್ದು ಒಂದೇ. "ನೀನು ಕೇಳ್ತಾ ಇದ್ದೆಯಾ?"

"ಕೇಳ್ತಾ ಇದ್ದೆ ಸಾರ್. ಉತ್ತರ ಬರ್ತಾ ಇತ್ತು" ಎಂದೆ. ನೀರಿನಲ್ಲಿದ್ದವರು ಅವರು, ನಡುಗುತ್ತಿದ್ದವನು ನಾನು.

"ಸರಿ" ಎಂದರು. ನನ್ನ ಕೈಯಿಂದ ಗಡಿಯಾರ ಬಿಚ್ಚಿಕೊಳ್ಳಲು ಹೋದರು. ಬೆರಳುಗಳು ಕುಯ್ದುಹೋಗಿದ್ದರಿಂದ ಆಗಲಿಲ್ಲ. ನಾನು ಬಿಚ್ಚಿ ಕಟ್ಟಿದೆ.

ಮೇಲಿನ ಅಧಿಕಾರಿಗಳು ಇಬ್ಬರನ್ನೂ ಕರೆಸಿದರು. ಹಗ್ಗದವನ ಕಡೆಯಿಂದ ತಪ್ಪಾಗಿದೆಯೇ ಎಂದು ಕೇಳಿದರು. ಅವರು ಕುಂಟುತ್ತಾ ನಿಂತೇ ಹೇಳಿದರು: "ಅವನು ಕೇಳಿದ್ದ ಸಾರ್. ಮರ ಉತ್ತರ ಕೊಡ್ತು. ಬೇಲಿ ನೋಡದೆ ಕಾಲಿಟ್ಟದ್ದು ನಾನು." ಅಧಿಕಾರಿ ನನ್ನ ಕಡೆ ನೋಡಿದರು. ಉತ್ತರ ಬರ್ತಿತ್ತೇ? ನಾನು ನೋಟುಬುಕ್ಕು ಮುಂದಿಟ್ಟೆ. ಅದರಲ್ಲಿ ಎಲ್ಲ ಸಾಲೂ ಒಂದೇ ಥರ ಇತ್ತು. ಅಧಿಕಾರಿ ಓದಿ ಹಿಂದೆ ಕೊಟ್ಟರು.

ಫಿಲ್ಮು ತೊಳೆಸಲು ಸಾಗರದ ಸ್ಟುಡಿಯೋಗೆ ಕೊಟ್ಟು, ಮುಂದಿನ ಶನಿವಾರ ತರಲು ನಾನೇ ಹೋದೆ. ಅವರ ಕಾಲಿಗೆ ಇನ್ನೂ ಪಟ್ಟಿ ಇತ್ತು. ಸ್ಟುಡಿಯೋದವರು ಹನ್ನೆರಡು ಪ್ರಿಂಟುಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು. ಬಹಳಷ್ಟು ಬರೀ ಮಬ್ಬು. ಎಂಟನೆಯದರಲ್ಲಿ ಮೈಲಿಗಲ್ಲು ಇತ್ತು. ಅರ್ಧ ಕೆಸರಿನಲ್ಲಿ, ವಾಲಿಕೊಂಡು. ಹೊಸನಗರದ ಮೊದಲ ಅಕ್ಷರ ಮಾತ್ರ ಓದಬಹುದಾಗಿತ್ತು.

"ಈ ಕೊನೇದು ಎಂತದು? ಗೊತ್ತಿಲ್ದೆ ಒತ್ತಿದ್ರಾ?" ಎಂದು ಸ್ಟುಡಿಯೋದವರು ಹನ್ನೆರಡನೆಯದನ್ನು ನನ್ನ ಕಡೆ ತಿರುಗಿಸಿದರು.

ಕೆಳಗಿನಿಂದ ಮೇಲಕ್ಕೆ ತೆಗೆದ ಚಿತ್ರ. ಬೆಳ್ಳಗೆ ಹೊಳೆಯುವ ನೀರಿನ ಮೇಲ್ಮೈ. ಅದರ ಎದುರು ಕಪ್ಪಗೆ ಒಂದು ಟೊಂಗೆ. ಟೊಂಗೆಯನ್ನು ಬಳಸಿ, ಬಿಗಿದು, ಮೇಲಕ್ಕೆ ಹೋದ ಹಗ್ಗ. ಹಗ್ಗದ ಮೇಲಿನ ತುದಿಯಲ್ಲಿ ಎಲೆಯಷ್ಟು ದೊಡ್ಡ ಒಂದು ನೆರಳು. ಅದು ನಮ್ಮ ದೋಣಿ. ಆ ದೋಣಿಯಲ್ಲಿ ಆ ಹೊತ್ತಿಗೆ ನಾನು 'ಉತ್ತರ ಬಂತು' ಎಂದು ಬರೆಯುತ್ತಾ ಕೂತಿದ್ದೆ. ನಾನು ಸ್ಟುಡಿಯೋದ ಬೆಂಚಿನ ಮೇಲೆ ಕೂತೆ. ಅಲ್ಲಿಯವರು ನೀರು ತಂದುಕೊಟ್ಟರು.

ಕಾರ್ಗಲ್ಲಿಗೆ ಬಂದು ಪ್ರಿಂಟುಗಳನ್ನು ಕೊಟ್ಟಾಗ ಅವರು ಮೈಲಿಗಲ್ಲನ್ನು ನೋಡಿದರು, "ವಾಲಿದೆ" ಎಂದರು, ಬದಿಗಿಟ್ಟರು. ಕೊನೆಯದನ್ನು ಬಹಳ ಹೊತ್ತು ನೋಡಿದರು.

"ಕಾಲು ಸಿಕ್ಕಿಬಿದ್ದಾಗ ಇದನ್ನ ಯಾಕೆ ತೆಗೆದ್ರಿ ಸಾರ್?" ಎಂದು ಕೇಳಿದೆ.

"ನಾ ಬರದೇ ಹೋಗಿದ್ರೆ ನಿನ್ನನ್ನ ಕೇಳ್ತಿದ್ರು. ಹಗ್ಗ ಹಿಡಿದವನನ್ನೇ ಮೊದಲು ಕೇಳೂದು. ಪೆಟ್ಟಿಗೆಯಾದ್ರೂ ಸಿಕ್ಕಿದ್ರೆ ಇದು ಹೇಳ್ತಿತ್ತು, ಅವನದ್ದು ತಪ್ಪಿಲ್ಲ ಅಂತ." ಊಟದ ನಂತರ ಎಲೆ ಮಡಚುವವರ ಹಾಗೆ, ಅಷ್ಟು ಸಾಧಾರಣವಾಗಿ ಹೇಳಿದರು. "ಎರಡು ಸೆಕೆಂಡಿನ ಕೆಲಸ. ಮಣ್ಣು ಕೂರುವ ತನಕ ಕಾಯಬೇಕಾಗಿರ್ಲಿಲ್ಲ."

ನಾನು ಆಗ ಹೇಳಬೇಕಿತ್ತು. ಹದಿನೆಂಟನೆಯ ನಿಮಿಷದ ಎಳೆತ ನಿಮ್ಮದಲ್ಲವೆಂದು ನನ್ನ ಕೈಗೆ ಅನುಮಾನ ಬಂದಿತ್ತು. ಜನ ನಕ್ಕಾರೆಂದು, ನಿಮ್ಮ ಚಿತ್ರ ಕೆಡುತ್ತದೆಂದು, ಸುಮ್ಮನಿದ್ದೆ. ಹೇಳಲು ಹೊರಟೆ. ಅಷ್ಟರಲ್ಲಿ ಅವರ ಹೆಂಡತಿ ಕಾಫಿ ತಂದರು. ಕುಡಿದೆ. ಬಿಸಿಯಾಗಿತ್ತು ಎಂಬುದಷ್ಟೇ ನೆನಪಿದೆ.

ಕಾಲು ವಾಸಿಯಾದ ಮೊದಲ ಭಾನುವಾರವೇ ಅವರು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ದೋಣಿಯಲ್ಲಿ ಗಡಿಯಾರ ಬಿಚ್ಚಿ ನನ್ನ ಕೈಗೆ ಕಟ್ಟುತ್ತಾ ಹೊಸ ನಿಯಮ ಹೇಳಿದರು. "ಇನ್ನು ಮೇಲೆ ನೀನು ಒಂದು ಎಳೆದ್ರೆ ನಾನು ಎರಡು ಎಳೀತೇನೆ. ನೀನು ಮೂರು ಎಳೆದ್ರೆ ನಾನು ನಾಲ್ಕು. ಆಪತ್ತಿಗೆ ಬೇರೆ, ನಿಲ್ಲಿಸದೆ ಎಳೆಯೂದು. ಮರ ಕೊಟ್ಟಷ್ಟೇ ವಾಪಸು ಕೊಡ್ತದೆ. ಮನುಷ್ಯ ಒಂದು ಹೆಚ್ಚು ಕೊಡಬೇಕು."

ಕನ್ನಪ್ಪ ಹುಟ್ಟು ಹಾಕುತ್ತಾ, "ಅಷ್ಟು ಜನ ಒಂದ್ ಹೆಚ್ಚಿಗೆ ಕೊಡೋರಿದ್ರೆ ನಮ್ಮೂರು ಮುಳುಗ್ತಾನೇ ಇರ್ಲಿಲ್ಲ ಬಿಡಿ" ಎಂದ. ಅವರು ಜೋರಾಗಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಗಲೂ ಹೇಳಲು ಬಾಯಿ ತೆರೆದೆ. "ಹಗ್ಗ ಹಿಡಿದವ ಮಾತಾಡೂದಿಲ್ಲ" ಎಂದು ನೆನಪಿಸಿ ನೀರಿಗಿಳಿದರು.

ಆಮೇಲೆ ಎರಡು ಬೇಸಗೆ ನಾನು ಅವರ ಹಗ್ಗ ಹಿಡಿದೆ. ಪ್ರತಿ ಸಲವೂ ಎರಡು ಎಳೆತ ಬರುವವರೆಗೆ ಉಸಿರು ಬಿಡುತ್ತಿರಲಿಲ್ಲ. ನೇರವಾಗಿ ನಿಂತ ಮೈಲಿಗಲ್ಲಿನ ಚಿತ್ರ ಅವರಿಗೆ ಸಿಗಲೇ ಇಲ್ಲ. ಕಲ್ಲೇ ವಾಲಿತ್ತು, ಚಿತ್ರವಲ್ಲ ಎಂದು ಕಡೆಗೆ ಒಪ್ಪಿಕೊಂಡರು. ವರ್ಗವಾಗಿ ಕರಾವಳಿಗೆ ಹೋಗುವಾಗ ಪೆಟ್ಟಿಗೆಯನ್ನು ಒಯ್ದರು, ಆ ಹನ್ನೆರಡನೆಯ ಚಿತ್ರವನ್ನು ನನಗೆ ಬಿಟ್ಟುಹೋದರು. ಹಿಂಬದಿಯಲ್ಲಿ ಏನಾದರೂ ಬರೆದಿದ್ದಾರೆಯೇ ಎಂದು ತಿರುಗಿಸಿ ನೋಡಿದ್ದೆ. ಬರೆದಿರಲಿಲ್ಲ. ಅವರಿಗೆ ಎಷ್ಟು ಗೊತ್ತಿತ್ತೋ ನನಗೆ ಗೊತ್ತಿಲ್ಲ. ತಿಳಿಯದ್ದನ್ನು ನಾನು ಬರೆಯಲಾರೆ.

ಕಾರ್ಡು ಬಂದ ದಿನ ನನ್ನ ಹಳೆಯ ಟ್ರಂಕಿನ ತಳದಿಂದ ನೋಟುಬುಕ್ಕನ್ನು ಹುಡುಕಿ ತೆಗೆದೆ. ಪೆನ್ಸಿಲ್ಲು ಮಾಸಿದೆ, ಓದಬಹುದು. ಫೆಬ್ರವರಿಯ ಆ ಪುಟ. ಹದಿನೆಂಟನೆಯ ನಿಮಿಷ: ಕೇಳಿದೆ, ಉತ್ತರ ಬಂತು. ಅಳಿಸಲಿಲ್ಲ, ಹೊಡೆದುಹಾಕಲೂ ಇಲ್ಲ. ಅದರ ಪಕ್ಕದಲ್ಲಿ ಶಾಯಿಯಲ್ಲಿ, ಇವತ್ತಿನ ನನ್ನ ಅಕ್ಷರದಲ್ಲಿ, ಸೇರಿಸಿದೆ: ಅನುಮಾನ ಬಂತು. ಮೂರು ಎಳೆಯಲಿಲ್ಲ.